ನೀರಿನ ಹರಿವಿಗೆ ಕಡಿವಾಣ: ಯಾವ ನಲ್ಲಿಗೆ ಯಾವುದು?

ನಲ್ಲಿಯ ನೀರು ಕಡಿಮೆ ಖರ್ಚಾಗಬೇಕು, ಫೋರ್ಸ್ ಮಾತ್ರ ಕಡಿಮೆ ಆಗಬಾರದು. ಶವರ್‌ನಲ್ಲಿ ನೀರು ಉಳಿಯಬೇಕು, ಆದರೆ ತಲೆಯ ಶಾಂಪೂ ಹೋಗುವ ಹೊತ್ತಿಗೆ ತಾಳ್ಮೆಯೂ ಹೋಗಿರಬಾರದು. ಓದುಗರು ಕೇಳುವ ಪ್ರಶ್ನೆಗಳನ್ನೆಲ್ಲ ಸೋಸಿದರೆ ಕೊನೆಗೆ ಉಳಿಯುವುದು ಇಷ್ಟೇ. ನಲ್ಲಿಯ ತುದಿಯಲ್ಲಿ ಕೂತು ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕಿಸಲಾ, ಶವರ್ ಹೆಡ್ಡನ್ನೇ ಬದಲಿಸಲಾ, ಇಡೀ ಮನೆಗೆ ಒಂದು ಪ್ರೆಷರ್ ವಾಲ್ವ್ ಕೂರಿಸಲಾ? ಇನ್ನು ಕೆಲವರದು ಉಲ್ಟಾ ಪ್ರಶ್ನೆ: ಶವರ್ ಒಳಗೆ ಹರಿವು ತಡೆಯಲೆಂದು ಕಂಪನಿಯವರೇ ಇಟ್ಟಿರುವ ಆ ಚಿಕ್ಕ ಬಿಲ್ಲೆಯನ್ನು ಕಿತ್ತು ಬಿಸಾಕಲಾ?

ಎಲ್ಲ ಮನೆಗೂ ಹೊಂದುವ ಉತ್ತರ ಇಲ್ಲ. ಉತ್ತರ ಹುಡುಕುವ ದಾರಿ ಮಾತ್ರ ಇದೆ. ಮೊದಲು ನಿಮ್ಮ ಮನೆಯ ನೀರಿನ ಒತ್ತಡ ನೋಡಿ. ಆಮೇಲೆ ಆ ನಲ್ಲಿ ಮಾಡುವ ಕೆಲಸ ನೋಡಿ. ಎಷ್ಟು ಲೀಟರ್ ಎನ್ನುವ ಲೆಕ್ಕ ಮೂರನೆಯದು. ಅಂಗಡಿಗೆ ಹೋದವರು ಶುರು ಮಾಡುವುದೇ ಈ ಮೂರನೆಯದರಿಂದ, ಹಾಗಾಗಿ ಎಡವಟ್ಟಾಗುತ್ತದೆ.

ಕೊಳ್ಳುವ ಮೊದಲು ಅಳೆಯಿರಿ

10 ಲೀಟರಿನ ಬಕೆಟ್, ಫೋನಿನ ಸ್ಟಾಪ್‌ವಾಚ್, ಇಷ್ಟು ಸಾಕು. ಶವರ್ ಪೂರ್ತಿ ತೆರೆದು ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 60 ಸೆಕೆಂಡಾದರೆ ನಿಮಿಷಕ್ಕೆ 10 ಲೀಟರ್. 40 ಸೆಕೆಂಡಿಗೇ ತುಂಬಿದರೆ 15 ಲೀಟರ್. ವಾಷ್ ಬೇಸಿನ್‌ಗೆ ಬಕೆಟ್ ಹಿಡಿಯುವುದಿಲ್ಲ, ಅಲ್ಲಿ ಒಂದು ಲೀಟರ್ ಬಾಟಲಿ ಹಿಡಿಯಿರಿ. 6 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 10 ಲೀಟರ್, 10 ಸೆಕೆಂಡಾದರೆ 6 ಲೀಟರ್, 15 ಸೆಕೆಂಡಾದರೆ 4 ಲೀಟರ್.

ಬೇಸಿನ್ನಿನ ಬಾಟಲಿ ತುಂಬಲು ಹತ್ತು ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತಿದ್ದರೆ ಆ ನಲ್ಲಿಗೆ ಕಡಿವಾಣ ಈಗಾಗಲೇ ಬಿದ್ದಿದೆ. ಇನ್ನೊಂದು ಹಾಕಲು ಹೋಗಬೇಡಿ. ಮನೆಯಲ್ಲಿ ಎಲ್ಲರೂ ನೀರು ಬಳಸುವ ಹೊತ್ತಲ್ಲಿ ಒಮ್ಮೆ, ಯಾರೂ ಬಳಸದ ಹೊತ್ತಲ್ಲಿ ಒಮ್ಮೆ ಅಳೆದರೆ ಒಳ್ಳೆಯದು. ಎರಡರ ನಡುವೆ ತುಂಬಾ ವ್ಯತ್ಯಾಸ ಕಂಡರೆ ಅದೂ ಒಂದು ಸುಳಿವು. ಮುಂದೆ ನಾನು ಹೇಳುವ ಕೆಲವು ಸಾಮಾನುಗಳು ಅಂಥ ಮನೆಗೇ ಹೇಳಿ ಮಾಡಿಸಿದ್ದು.

ಇನ್ನು ಒತ್ತಡ. ನಲ್ಲಿಗೆ ತಿರುಗಿಸಿ ಕೂರಿಸುವ ಪ್ರೆಷರ್ ಗೇಜ್ ಸಿಕ್ಕಿದರೆ ಸರಿ. ಸಿಗದಿದ್ದರೂ, ತಾರಸಿಯ ಟ್ಯಾಂಕಿನಿಂದ ನೀರು ಇಳಿಯುವ ಮನೆಯಾದರೆ ಕಣ್ಣಳತೆಯಲ್ಲೇ ಲೆಕ್ಕ ಹಾಕಬಹುದು. 10 ಮೀಟರ್ ಎತ್ತರದ ನೀರಿಗೆ ಹೆಚ್ಚೂಕಡಿಮೆ 1 ಬಾರ್ ಒತ್ತಡ. ಟ್ಯಾಂಕಿನ ನೀರಿನ ಮಟ್ಟ ನಿಮ್ಮ ಶವರ್‌ಗಿಂತ 3 ಮೀಟರ್ ಮೇಲಿದ್ದರೆ 0.3 ಬಾರ್ ಮಾತ್ರ. ನೆಲದಿಂದ ಅಳೆಯಬೇಡಿ, ಶವರ್ ಹೆಡ್ಡಿನಿಂದ ಅಳೆಯಿರಿ. ಎಷ್ಟೋ ಮನೆಗಳಲ್ಲಿ ಕೆಳಗಿನ ನಲ್ಲಿ ಭೋರ್ಗರೆಯುತ್ತದೆ, ಮೇಲಿನ ಶವರ್ ತೊಟ್ಟಿಕ್ಕುತ್ತದೆ. ಕಾರಣ ಆ ಒಂದೆರಡು ಮೀಟರ್. ಪಂಪಿನಿಂದಲೋ ನೇರ ಲೈನಿನಿಂದಲೋ ಬರುವ ನೀರಿಗೆ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಒತ್ತಡ ಇರುತ್ತದೆ.

ಇದಕ್ಕೇ ಯಾಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಅಂದರೆ, ಡಬ್ಬದ ಮೇಲೆ ಬರೆದ ಲೀಟರ್ ಒಂದು ನಿಗದಿತ ಒತ್ತಡದಲ್ಲಿ ಅಳೆದದ್ದು. ಅಮೆರಿಕದಲ್ಲಿ 1992ರ ಇಂಧನ ನೀತಿ ಕಾಯ್ದೆ ಶವರ್ ಹೆಡ್‌ಗೆ ನಿಮಿಷಕ್ಕೆ 2.5 ಗ್ಯಾಲನ್, ಅಂದರೆ 9.5 ಲೀಟರಿನ ಮಿತಿ ಹಾಕಿತು. ಆ ಅಳತೆ ಸುಮಾರು 5.5 ಬಾರ್ ಒತ್ತಡದಲ್ಲಿ. ಬರೀ ತೂತಿನಿಂದ ಹರಿವು ತಡೆಯುವ ಅಂಥದೇ ಶವರನ್ನು 0.3 ಬಾರ್ ಇರುವ ಮನೆಗೆ ತಂದು ಕೂರಿಸಿದರೆ ಏನಾಗುತ್ತದೆ? ತೂತಿನ ಗಾತ್ರ ಬದಲಾಗದಿದ್ದರೆ ಒತ್ತಡ ನಾಲ್ಕು ಪಟ್ಟಾದಾಗ ಹರಿವು ಎರಡು ಪಟ್ಟಾಗುತ್ತದೆ. ಅದೇ ಲೆಕ್ಕವನ್ನು ಕೆಳಮುಖ ಹಿಡಿದುಕೊಂಡು ಹೋದರೆ ಸಿಗುವುದು ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ. ಒಬ್ಬರ ಮನೆಯಲ್ಲಿ ಅದ್ಭುತ ಅನಿಸಿಕೊಂಡ ಶವರ್ ಇನ್ನೊಬ್ಬರ ಮನೆಯಲ್ಲಿ ಬೈಗುಳ ತಿನ್ನುವುದು ಹೀಗೆ.

ತುಂಬಿಸುವ ನಲ್ಲಿ, ಹರಿಸುವ ನಲ್ಲಿ

ಎರಡನೆಯ ಪ್ರಶ್ನೆ ಕೆಲಸದ್ದು. ಮನೆಯ ನಲ್ಲಿಗಳನ್ನು ಎರಡು ಗುಂಪು ಮಾಡಿ. ಒಂದರಲ್ಲಿ ಪಾತ್ರೆ, ಬಕೆಟ್, ಟಬ್ ತುಂಬಿಸುತ್ತೀರಿ. ಇನ್ನೊಂದರಲ್ಲಿ ನೀರು ಹರಿಯಬಿಟ್ಟು ಕೈ, ಮುಖ, ತಟ್ಟೆ, ತರಕಾರಿ ತೊಳೆಯುತ್ತೀರಿ.

15 ಲೀಟರಿನ ಬಕೆಟ್ ತುಂಬಲು 15 ಲೀಟರೇ ಬೇಕು. ನಲ್ಲಿಗೆ ಯಾವ ಸಾಮಾನು ಸಿಕ್ಕಿಸಿದರೂ ಅದು ಬದಲಾಗುವುದಿಲ್ಲ. ಒಂದು ನಿಮಿಷಕ್ಕೆ ತುಂಬುತ್ತಿದ್ದದ್ದು ನಾಲ್ಕು ನಿಮಿಷ ಹಿಡಿಯುತ್ತದೆ, ಅಷ್ಟೇ. ಕಾದು ಕಾದು ಬೇಸತ್ತು ನಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋದರೆ ಬಕೆಟ್ ತುಂಬಿ ಚೆಲ್ಲಿ ಇರುವ ನೀರೂ ಹೋಯಿತು. ಇಂಥ ನಲ್ಲಿಯನ್ನು ಅದರ ಪಾಡಿಗೆ ಬಿಟ್ಟುಬಿಡಿ. ಬಟ್ಟೆ ಒಗೆಯುವ ಯಂತ್ರದ ಪೈಪ್, ನೀರಿನ ಫಿಲ್ಟರ್‌ಗೆ ಹೋಗುವ ಪೈಪ್ ಕೂಡ ಇದೇ ಗುಂಪು. ಯಂತ್ರ ತನಗೆ ಬೇಕಾದಷ್ಟೇ ನೀರು ತೆಗೆದುಕೊಳ್ಳುತ್ತದೆ.

ನಿಜವಾಗಿ ಉಳಿತಾಯ ಆಗುವುದು ಹರಿಸುವ ನಲ್ಲಿಯಲ್ಲಿ. ಸೋಪು ಹಚ್ಚಿಕೊಳ್ಳುವಾಗ ಸುಮ್ನೆ ಹರಿದುಹೋಗುವ ನೀರು, ಮೈ ಉಜ್ಜುವಾಗ ಗೋಡೆಗೆ ಬೀಳುವ ಶವರ್ ನೀರು, ಇವು ಅರ್ಧಕ್ಕೆ ಇಳಿದರೆ ಯಾರಿಗೂ ನಷ್ಟ ಇಲ್ಲ. ಗೊಂದಲ ಇರುವುದು ಅಡುಗೆಮನೆಯ ನಲ್ಲಿಯದು. ಅದು ಎರಡೂ ಕೆಲಸ ಮಾಡುತ್ತದೆ, ಅಲ್ವಾ? ಅದಕ್ಕೆ ಆಮೇಲೆ ಬರುತ್ತೇನೆ.

ಇವೆರಡರ ಜೊತೆ ಇನ್ನೂ ಎರಡು ವಿಷಯ ತಲೆಯಲ್ಲಿರಲಿ. ಬಿಸಿನೀರು ಎಲ್ಲಿಂದ ಬರುತ್ತದೆ, ನೀರು ಎಷ್ಟು ಗಡಸು. ತಕ್ಷಣ ನೀರು ಕಾಯಿಸುವ ಗೀಸರ್, ಅದರಲ್ಲೂ ಗ್ಯಾಸಿನದು, ಒಂದು ಕನಿಷ್ಠ ಹರಿವು ಇದ್ದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಎಷ್ಟೋ ಮಾದರಿಗಳಿಗೆ ಅದು ನಿಮಿಷಕ್ಕೆ 2ರಿಂದ 3 ಲೀಟರ್. ನಲ್ಲಿಯನ್ನು ತೀರಾ ಬಿಗಿ ಮಾಡಿದರೆ ಗೀಸರಿನ ಉರಿ ಹೊತ್ತುತ್ತದೆ, ಆರುತ್ತದೆ, ನೀರು ಬಿಸಿ ತಣ್ಣಗೆ ಆಟ ಆಡುತ್ತದೆ. ನಿಮ್ಮ ಗೀಸರಿನ ಕೈಪಿಡಿಯಲ್ಲಿ ಆ ಕನಿಷ್ಠ ಅಂಕಿ ಇರುತ್ತದೆ, ನೋಡಿಕೊಳ್ಳಿ. ಟ್ಯಾಂಕ್ ಇರುವ ಗೀಸರಿಗೆ ಈ ತಂಟೆ ಇಲ್ಲ. ಗಡಸು ನೀರಿನ ಮಾತು ಬಿಲ್ಲೆ ಕೀಳುವ ಪ್ರಶ್ನೆಯ ಜೊತೆ ಬರುತ್ತದೆ.

ಪುಕ್ಕಟೆ ಉಪಾಯ: ಆಂಗಲ್ ಕಾಕ್

ಬೇಸಿನ್ ಕೆಳಗೆ, ಗೋಡೆಯಿಂದ ಪೈಪ್ ಹೊರಬರುವ ಕಡೆ ಒಂದು ಚಿಕ್ಕ ತಿರುಗಣೆ ಇರುತ್ತದಲ್ಲ, ಅದನ್ನು ಸ್ವಲ್ಪ ಮುಚ್ಚಿದರೆ ಮೇಲಿನ ನಲ್ಲಿಯ ನೀರು ಕಡಿಮೆಯಾಗುತ್ತದೆ. ಕಾಸು ಖರ್ಚಿಲ್ಲ. ಬಾಡಿಗೆ ಮನೆಯವರಿಗೂ ತೊಂದರೆ ಇಲ್ಲ. ಏರೇಟರ್ ಕೊಳ್ಳುವ ಮೊದಲು ಇದನ್ನು ಒಂದೆರಡು ದಿನ ಮಾಡಿ ನೋಡಿ ಎಂದೇ ನಾನು ಹೇಳುವುದು. ನಿಮಿಷಕ್ಕೆ 5 ಲೀಟರ್ ಮನೆಯವರಿಗೆ ಸಾಕಾಗುತ್ತಾ ಇಲ್ಲವಾ ಎನ್ನುವುದು ದುಡ್ಡು ಬಿಚ್ಚುವ ಮೊದಲೇ ಗೊತ್ತಾಗುತ್ತದೆ.

ಆದರೆ ಇದು ಕಾಯಂ ಪರಿಹಾರ ಅಲ್ಲ. ನೀರು ಕಡಿಮೆಯಾದಂತೆ ಧಾರೆ ಸೊರಗುತ್ತದೆ, ಗಾಳಿ ಬೆರೆಯುವುದಿಲ್ಲ. ಒತ್ತಡ ಏರಿಳಿದರೆ ಹರಿವೂ ಏರಿಳಿಯುತ್ತದೆ. ಅರ್ಧ ಮುಚ್ಚಿದ ವಾಲ್ವ್ ಕೆಲವೊಮ್ಮೆ ಸಿಳ್ಳೆ ಹೊಡೆಯುತ್ತದೆ. ಅದು ಬಾಲ್ ವಾಲ್ವ್ ಆಗಿದ್ದರೆ ಅರ್ಧ ತೆರೆದಿಟ್ಟು ವರ್ಷಗಟ್ಟಲೆ ಬಿಡುವುದು ಒಳ್ಳೆಯದಲ್ಲ, ಒಳಗಿನ ಸೀಟು ಸವೆದು ಬೇಕಾದಾಗ ಪೂರ್ತಿ ಮುಚ್ಚದೆ ಕೈಕೊಡುತ್ತದೆ. ಬಿಸಿ, ತಣ್ಣೀರು ಎರಡೂ ಬರುವ ಮಿಕ್ಸರ್ ನಲ್ಲಿಯಾದರೆ ಎರಡು ಕಾಕ್‌ಗಳನ್ನೂ ಸಮವಾಗಿ ತಿರುಗಿಸಬೇಕು, ಇಲ್ಲವಾದರೆ ಹದ ಕೆಡುತ್ತದೆ.

ಏರೇಟರ್: ಚಿಕ್ಕ ಸಾಮಾನು, ದೊಡ್ಡ ವ್ಯತ್ಯಾಸ

ನಲ್ಲಿಯ ತುದಿಯ ಬಿಲ್ಲೆಯಂಥ ಭಾಗವನ್ನು ಬಟ್ಟೆ ಸುತ್ತಿ ತಿರುಗಿಸಿ ತೆಗೆದು ಅಂಗೈ ಮೇಲೆ ಕೊಡವಿ ನೋಡಿ. ಮೊದಲು ಬೀಳುವುದು ಒಂದು ರಬ್ಬರ್ ವಾಷರ್. ಆಮೇಲೆ ಗುಮ್ಮಟದಂತೆ ಉಬ್ಬಿದ ಒಂದು ಜಾಲರಿ, ಅದರ ಮೇಲೆ ನಾಲ್ಕಾರು ಮರಳಿನ ಕಣ, ತುಕ್ಕಿನ ಚೂರು, ಪೈಪ್ ಜೋಡಿಸುವಾಗ ಉಳಿದ ಬಿಳಿ ಟೇಪಿನ ಎಳೆ. ಜಾಲರಿಯ ಕೆಳಗೆ ಸಣ್ಣ ತೂತುಗಳ ಪ್ಲಾಸ್ಟಿಕ್ ತಟ್ಟೆ. ಒಳ್ಳೆಯ ಏರೇಟರ್ ಆದರೆ ಆ ತೂತುಗಳ ಸುತ್ತ ಒಂದು ತೆಳು ರಬ್ಬರ್ ಉಂಗುರವೂ ಕಾಣುತ್ತದೆ. ಕೊನೆಗೆ ಗಾಳಿ ಒಳಗೆ ಬರಲು ಪಕ್ಕದಲ್ಲಿ ಸೀಳುಗಳಿರುವ ಕವಚ. ನೀರು ಸಣ್ಣ ತೂತುಗಳಿಂದ ರಭಸವಾಗಿ ನುಗ್ಗುವಾಗ ಆ ಸೀಳುಗಳಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೊರಬರುವ ಧಾರೆ ಬೆಳ್ಳಗೆ, ತುಂಬಿಕೊಂಡಂತೆ ಕಾಣುತ್ತದೆ. ಕೈಗೆ ಮೆತ್ತಗೆ ತಾಗುತ್ತದೆ, ಎರಚುವುದಿಲ್ಲ.

ಆ ರಬ್ಬರ್ ಉಂಗುರದ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು, ಯಾಕೆಂದರೆ ಕೊಳ್ಳುವಾಗ ಬೆಲೆಯ ವ್ಯತ್ಯಾಸ ಬರುವುದು ಅದರಿಂದಲೇ. ಅಗ್ಗದ ಏರೇಟರ್ ಅಥವಾ ಬರೀ ತೂತಿನ ಬಿಲ್ಲೆಯಲ್ಲಿ ತೂತು ಒಂದೇ ಅಳತೆಯದು. ಒತ್ತಡ ಜಾಸ್ತಿಯಾದರೆ ನೀರೂ ಜಾಸ್ತಿ. ಉಂಗುರ ಇರುವುದರಲ್ಲಿ ಒತ್ತಡ ಏರಿದಂತೆ ರಬ್ಬರ್ ಅದುಮಿಕೊಂಡು ದಾರಿಯನ್ನು ಕಿರಿದು ಮಾಡುತ್ತದೆ, ಒತ್ತಡ ಇಳಿದರೆ ಸಡಿಲವಾಗಿ ದಾರಿ ಬಿಡುತ್ತದೆ. ಹೀಗಾಗಿ ಸುಮಾರು 1 ಬಾರ್‌ನಿಂದ ಮೇಲಕ್ಕೆ ಎಷ್ಟೇ ಏರಿಳಿದರೂ ಹರಿವು ಹೆಚ್ಚೂಕಡಿಮೆ ಒಂದೇ ಸಮ ಇರುತ್ತದೆ. ನೀರು ಅಳೆದಾಗ ಹೊತ್ತಿಗೊಂದು ಅಂಕಿ ಬಂದ ಮನೆಗೆ, ಕೆಳ ಮಹಡಿಯಲ್ಲಿ ರಭಸ, ಮೇಲಿನ ಮಹಡಿಯಲ್ಲಿ ಸಪ್ಪೆ ಎನ್ನುವ ಕಟ್ಟಡಕ್ಕೆ ಇದೇ ಬೇಕು. ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ಅಡ್ಡಿ ಇಲ್ಲ. ಒತ್ತಡ ದಿನವಿಡೀ ಒಂದೇ ಇರುವ ಮನೆಗೆ ಅಗ್ಗದ್ದೇ ಸಾಕು. ಅರ್ಧ ಬಾರ್‌ಗಿಂತ ಕೆಳಗಿನ ಮನೆಗೆ ಎರಡೂ ಬೇಡ.

ಧಾರೆಯಲ್ಲೂ ಮೂರು ಬಗೆ. ಈಗ ಹೇಳಿದ್ದು ನೊರೆ ಧಾರೆ. ಇನ್ನೊಂದು ಗಾಜಿನ ಕಡ್ಡಿಯಂತೆ ತಿಳಿಯಾಗಿ ಬೀಳುವ ಲ್ಯಾಮಿನಾರ್ ಧಾರೆ. ಅದಕ್ಕೆ ಗಾಳಿ ಬೆರೆಯುವುದಿಲ್ಲ. ಕೋಣೆಯ ಗಾಳಿಯನ್ನು ನೀರಿಗೆ ಎಳೆಯಬಾರದು, ತುಂತುರು ಹಾರಬಾರದು ಎನ್ನುವ ಕಾರಣಕ್ಕೆ ಆಸ್ಪತ್ರೆಗಳಲ್ಲಿ ಇಂಥದನ್ನು ಇಷ್ಟಪಡುತ್ತಾರೆ. ಮನೆಯಲ್ಲಿ ಇದರ ಲಾಭ ಕಡಿಮೆ ಒತ್ತಡದಲ್ಲಿ. ನೊರೆ ಏಳದ ಕಡೆಯೂ ಧಾರೆ ಒಟ್ಟಾಗಿ ಬೀಳುತ್ತದೆ. ಒತ್ತಡ ಜಾಸ್ತಿ ಇದ್ದು ಬೇಸಿನ್ ಚಪ್ಪಟೆಯಾಗಿದ್ದರೆ ಮಾತ್ರ ಅಂಗಿಗೆಲ್ಲ ಎರಚುತ್ತದೆ.

ಮೂರನೆಯದು ಪುಟ್ಟ ಶವರಿನಂತೆ ಬೀಳುವ ಸ್ಪ್ರೇ. ನಿಮಿಷಕ್ಕೆ 2 ಲೀಟರಿನ ಆಸುಪಾಸಿನಲ್ಲೂ ಕೈ ತೊಳೆಯಲು ಸಾಕಾಗುತ್ತದೆ. ಅಮೆರಿಕದಲ್ಲಿ ಸಾರ್ವಜನಿಕ ಶೌಚಾಲಯಗಳ ಬೇಸಿನ್ ನಲ್ಲಿಗೆ ಮಿತಿ 1.9 ಲೀಟರ್ ಮಾತ್ರ. ಆದರೆ ಮನೆಯಲ್ಲಿ ಅದೇ ಬೇಸಿನ್ನಿನಲ್ಲಿ ಮುಖ ತೊಳೆಯುತ್ತಾರೆ, ಗಡ್ಡ ಮಾಡುತ್ತಾರೆ, ಚೊಂಬು ತುಂಬಿಸುತ್ತಾರೆ. ಬೊಗಸೆಯಲ್ಲಿ ನೀರು ಹಿಡಿಯಲು ಕಾಯುತ್ತಾ ನಿಂತರೆ ಸಿಟ್ಟು ಬರುತ್ತದೆ. ಮಂಜಿನಂತೆ ನೀರು ಉದುರಿಸಿ ಶೇಕಡ 90ಕ್ಕೂ ಜಾಸ್ತಿ ಉಳಿಸುತ್ತೇವೆ ಎನ್ನುವ ನಳಿಕೆಗಳೂ ಸಿಗುತ್ತವೆ. ಅತಿಥಿಗಳು ಕೈ ತೊಳೆಯುವ ಬೇಸಿನ್‌ಗೆ ಇರಲಿ, ಜಿಡ್ಡಿನ ತಟ್ಟೆಗೆ ಅದು ಬಾರದು.

ಇನ್ನೊಂದು ಸಂಗತಿಯನ್ನು ಮಾರುವವರು ಹೇಳುವುದಿಲ್ಲ. ಬಿಸಿನೀರು ಬರಲು ಕಾಯುವ ಸಮಯ. ಗೀಸರಿನಿಂದ ನಲ್ಲಿಗೆ 10 ಮೀಟರ್ ಪೈಪ್ ಇದೆ, ಒಳ ಅಗಲ 15 ಮಿ.ಮೀ. ಎಂದುಕೊಳ್ಳಿ. ಅದರಲ್ಲಿ ಸುಮಾರು ಒಂದೂಮುಕ್ಕಾಲು ಲೀಟರ್ ತಣ್ಣೀರು ನಿಂತಿರುತ್ತದೆ. ನಿಮಿಷಕ್ಕೆ 8 ಲೀಟರ್ ಬರುವ ನಲ್ಲಿಯಲ್ಲಿ ಅದು 13 ಸೆಕೆಂಡಿಗೆ ಖಾಲಿಯಾಗುತ್ತದೆ. 2 ಲೀಟರಿನ ಸ್ಪ್ರೇಗೆ 50 ಸೆಕೆಂಡಿಗೂ ಜಾಸ್ತಿ ಬೇಕು. ಚೆಲ್ಲುವ ನೀರು ಎರಡರಲ್ಲೂ ಅಷ್ಟೇ, ಉಳಿತಾಯ ಸೊನ್ನೆ, ಕಾಯುವುದು ಮಾತ್ರ ನಾಲ್ಕು ಪಟ್ಟು. ಗೀಸರ್ ದೂರ ಇರುವ ಮನೆಯವರು ಬಿಸಿನೀರಿನ ನಲ್ಲಿಗೆ ಸ್ಪ್ರೇ ಹಾಕುವ ಮೊದಲು ಇದನ್ನು ಯೋಚಿಸಿ.

ಹಾಗಾದರೆ ಎಷ್ಟು ಲೀಟರಿನದು ಕೊಳ್ಳಬೇಕು? ಬೇಸಿನ್‌ಗೆ 4ರಿಂದ 6 ನನ್ನ ಲೆಕ್ಕದಲ್ಲಿ ಸರಿಯಾದ ಜಾಗ. ನೀರು ಉಳಿಸುವ ಸಾಮಾನಿಗೆ ಅಮೆರಿಕದ ಸರ್ಕಾರ ಕೊಡುವ ವಾಟರ್‌ಸೆನ್ಸ್ ಗುರುತು ಸಿಗಬೇಕಾದರೆ ಬೇಸಿನ್ ನಲ್ಲಿ ಸುಮಾರು 4 ಬಾರ್ ಒತ್ತಡದಲ್ಲಿ 5.7 ಲೀಟರ್ ಮೀರಬಾರದು, 1.4 ಬಾರ್‌ಗೆ ಇಳಿದರೂ 3 ಲೀಟರಿಗಿಂತ ಕಡಿಮೆ ಬರಬಾರದು. ಈ ಎರಡನೆಯ ಷರತ್ತು ನನಗೆ ಇಷ್ಟ. ಜಾಸ್ತಿ ಬರಬಾರದು ಎನ್ನುವ ನಿಯಮ ಎಲ್ಲರೂ ಮಾಡುತ್ತಾರೆ, ತೀರಾ ಕಡಿಮೆಯೂ ಬರಬಾರದು ಎಂದು ಕೇಳುವವರು ಕಡಿಮೆ.

ಅಡುಗೆಮನೆಗೆ 4 ಲೀಟರ್ ಸಾಲದು. ಅಲ್ಲಿ 7ರಿಂದ 8 ಇರಲಿ. ಇನ್ನೂ ಒಳ್ಳೆಯದೆಂದರೆ ಒಂದು ತಿರುವಿಗೆ ಧಾರೆ, ಇನ್ನೊಂದಕ್ಕೆ ಸ್ಪ್ರೇ ಆಗುವ ತಿರುಗುವ ಏರೇಟರ್. ಕುಕ್ಕರ್ ತುಂಬಿಸಲು ಧಾರೆ, ಸೊಪ್ಪು ತೊಳೆಯಲು ಸ್ಪ್ರೇ. ಇದರ ಕೀಲು ಒಂದೆರಡು ವರ್ಷಕ್ಕೆ ಸಡಿಲವಾಗಿ ಸೋರುವುದುಂಟು. ಆದರೂ ಅಡುಗೆಮನೆಯ ಗೊಂದಲಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ.

ಶವರ್

ಮನೆಯಲ್ಲಿ ಒಂದೇ ಕಡೆ ದುಡ್ಡು ಹಾಕಬೇಕೆಂದರೆ ಶವರ್‌ಗೆ ಹಾಕಿ. ಒಂದು ಲೆಕ್ಕ ನೋಡಿ. ನಿಮಿಷಕ್ಕೆ 12 ಲೀಟರಿನ ಶವರ್ ಕೆಳಗೆ 8 ನಿಮಿಷ ನಿಂತರೆ 96 ಲೀಟರ್. 7.5 ಲೀಟರಿನದಾದರೆ 60. ಉಳಿದದ್ದು 36 ಲೀಟರ್, ಅದೂ ಬಿಸಿನೀರು. ಅಷ್ಟು ನೀರನ್ನು 25 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ಕರೆಂಟ್ ಬೇಕು. ಇದು ಒಬ್ಬರ ಒಂದು ಸ್ನಾನದ ಲೆಕ್ಕ. ಮನೆಯಲ್ಲಿ ನಾಲ್ಕು ಜನ ಇದ್ದರೆ ದಿನಕ್ಕೆ ಎರಡು ಯೂನಿಟ್ ದಾಟುತ್ತದೆ. ಬೇಸಿನ್ ನಲ್ಲಿಯಲ್ಲಿ ಇಷ್ಟು ಉಳಿಸಲು ಆಗುವುದೇ ಇಲ್ಲ.

ಇಲ್ಲಿಯೂ ಗಾಳಿ ಬೆರೆಸುವ ಬಗೆ, ಬೆರೆಸದ ಬಗೆ ಎಂದು ಎರಡು. ಗಾಳಿ ಬೆರೆಸುವ ಶವರ್‌ನಲ್ಲಿ 7 ಲೀಟರ್ 10 ಲೀಟರಿನಂತೆ ಅನಿಸುತ್ತದೆ, ಮೈಗೆ ಮೆತ್ತಗೆ ಬೀಳುತ್ತದೆ. ಆದರೆ ಗಾಳಿ ಬೆರೆತ ಸಣ್ಣ ಹನಿ ಬೇಗ ಆರುತ್ತದೆ. ತಲೆಗೆ ಬಿಸಿ ತಾಗಿದ ನೀರು ಕಾಲಿಗೆ ಬರುವಷ್ಟರಲ್ಲಿ ಉಗುರುಬೆಚ್ಚಗೆ. ಅದನ್ನು ಸರಿ ಮಾಡಲು ಬಿಸಿ ಜಾಸ್ತಿ ತಿರುಗಿಸಿದರೆ ಉಳಿಸಿದ ಕರೆಂಟ್ ಅಲ್ಲೇ ಹೋಯಿತು. ಚಳಿಗೆ ಬಚ್ಚಲು ತಣ್ಣಗಾಗುವ ಮನೆಗೆ ಗಾಳಿ ಬೆರೆಸದೆ, ಗಟ್ಟಿ ಎಳೆಗಳಾಗಿ ನೀರು ಬಿಡುವ ಶವರ್ ಉತ್ತಮ. ಉದ್ದ, ದಟ್ಟ ಕೂದಲಿನವರಿಗೂ ಅದೇ. ಸೋಪಿನ ನೊರೆ ಇಳಿಯಲು ಹನಿಗೆ ಕೊಂಚ ತೂಕ ಬೇಕು. ಕೂದಲು ತೊಳೆಯಲು ಎರಡು ಪಟ್ಟು ಹೊತ್ತು ಹಿಡಿದರೆ ಅರ್ಧಕ್ಕಿಳಿಸಿದ ಹರಿವಿನಿಂದ ಏನೂ ದಕ್ಕಲಿಲ್ಲ.

ತಟ್ಟೆಯಗಲದ ಮಳೆ ಶವರ್ ನೋಡಲು ಚೆಂದ. ಆದರೆ 7 ಲೀಟರನ್ನು ಅಷ್ಟು ಅಗಲಕ್ಕೆ ಹಂಚಿದರೆ ಬೀಳುವುದು ಜಿನುಗು ಮಳೆ. ಕಡಿಮೆ ಹರಿವು ಬೇಕೆನ್ನುವವರು ಮುಖದಗಲ ಕಿರಿದಾಗಿರುವ ಶವರ್ ಆರಿಸಿ. ನಾಲ್ಕಾರು ನಳಿಕೆಗಳ ಶವರ್ ಪ್ಯಾನೆಲ್ ಕೊಳ್ಳುವವರು ಲೀಟರ್ ಒಂದು ನಳಿಕೆಯದಾ, ಒಟ್ಟಿನದಾ ಎಂದು ಕೇಳಿ. ಇದೇನು ಚಿಲ್ಲರೆ ಪ್ರಶ್ನೆ ಅಂದುಕೊಳ್ಳಬೇಡಿ. ಆ 9.5 ಲೀಟರ್ ಇಡೀ ಶವರಿಗಾ, ಪ್ರತಿ ನಳಿಕೆಗಾ ಎನ್ನುವ ಬಗ್ಗೆ ಅಮೆರಿಕದ ಸರ್ಕಾರ 2020ರಲ್ಲಿ ಒಂದು ಅರ್ಥ ಹೇಳಿತು, 2021ರಲ್ಲಿ ಅದನ್ನು ತಿರುಗಿಸಿತು, 2025ರಲ್ಲಿ ಅಧ್ಯಕ್ಷರೇ ಮತ್ತೆ ಆದೇಶ ಹೊರಡಿಸಿದರು.

ಅಂಕಿಗಳ ಬಗ್ಗೆ ಒಂದು ಅಂದಾಜು: ವಾಟರ್‌ಸೆನ್ಸ್ ಗುರುತಿನ ಶವರ್‌ಗೆ 7.6 ಲೀಟರ್ ಮಿತಿ. ಕ್ಯಾಲಿಫೋರ್ನಿಯಾದಲ್ಲಿ 2018ರ ಜುಲೈಯಿಂದ 6.8. ನೀರಿನ ಉಳಿತಾಯಕ್ಕೆ ನಕ್ಷತ್ರ ಕೊಡುವ ಆಸ್ಟ್ರೇಲಿಯಾದ ಲೆಕ್ಕದಲ್ಲಿ ಮೂರು ನಕ್ಷತ್ರದ ಶವರ್ 7.5 ಮೀರಿ 9ರ ಒಳಗೆ. ಒತ್ತಡ 1.5 ಬಾರ್ ಮೇಲಿದ್ದರೆ 7ರಿಂದ 8 ಲೀಟರಿನದು ಕೊಂಡರೆ ಮನೆಯವರಿಗೆ ವ್ಯತ್ಯಾಸ ಗೊತ್ತಾಗುವುದೂ ಕಷ್ಟ. 6ಕ್ಕೆ ಇಳಿಸಿದರೆ ಗೊತ್ತಾಗುತ್ತದೆ. ಅದಕ್ಕೂ ಕೆಳಗೆ ಹೋಗುವುದು ನೀರಿಗೆ ನಿಜವಾದ ತತ್ವಾರ ಇರುವವರ ಮಾತು.

ಶವರ್ ಹೆಡ್ ಚೆನ್ನಾಗಿಯೇ ಇದೆ, ಬದಲಿಸಲು ಮನಸ್ಸಿಲ್ಲ ಎನ್ನುವವರಿಗೆ ಅದರ ಕುತ್ತಿಗೆಯಲ್ಲಿ ಕೂರುವ ರೆಗ್ಯುಲೇಟರ್ ಸಿಗುತ್ತದೆ. ಬೆಲೆ ಶವರಿನ ಬೆಲೆಯ ಒಂದು ಪಾಲೂ ಇಲ್ಲ. ಕೈಯಲ್ಲಿ ಹಿಡಿಯುವ ಶವರಾದರೆ ಪೈಪಿನ ಬುಡದಲ್ಲೇ ಹಾಕಬಹುದು. ಒಂದೇ ತೊಂದರೆ: 12 ಲೀಟರಿಗೆಂದು ತೂತು ಕೊರೆದ ಶವರಿಗೆ 7 ಲೀಟರ್ ಕೊಟ್ಟರೆ ಎಳೆಗಳು ಜೋತುಬೀಳುತ್ತವೆ. ತೂತು ಕಡಿಮೆ ಇರುವ ಚಿಕ್ಕ ಶವರಿಗೆ ಇದು ಸರಿಹೋಗುತ್ತದೆ, ದೊಡ್ಡದಕ್ಕೆ ಇಲ್ಲ.

ಸೋಪು ಹಚ್ಚುವಾಗ ಒತ್ತಿ ನೀರು ತಡೆಯುವ ಗುಂಡಿ ಇರುವ ಶವರ್‌ಗಳೂ ಇವೆ. ಶಿಸ್ತಿನವರಿಗೆ ಇದರಿಂದ ಆಗುವಷ್ಟು ಉಳಿತಾಯ ಬೇರೆ ಯಾವುದರಿಂದಲೂ ಆಗದು. ಅದರಲ್ಲಿ ನೀರು ಪೂರ್ತಿ ನಿಲ್ಲದೆ ಸ್ವಲ್ಪ ತೊಟ್ಟಿಕ್ಕುತ್ತದೆ, ಕೆಟ್ಟಿದೆ ಎಂದು ಬದಲಿಸಲು ಓಡಬೇಡಿ. ಪೂರ್ತಿ ನಿಂತರೆ ಮಿಕ್ಸರ್ ಒಳಗೆ ಬಿಸಿ ತಣ್ಣೀರು ಒಂದರ ಪೈಪಿಗೆ ಇನ್ನೊಂದು ನುಗ್ಗುತ್ತದೆ. ಅದಕ್ಕೇ ಬೇಕೆಂದೇ ಹಾಗೆ ಮಾಡಿರುತ್ತಾರೆ.

ವಯಸ್ಸಾದವರು, ಚಿಕ್ಕ ಮಕ್ಕಳು ಇರುವ ಮನೆಗೆ ಒಂದು ಎಚ್ಚರಿಕೆ. ಹರಿವು ಕಡಿಮೆಯಾದಷ್ಟೂ ಬಿಸಿಯ ಹದ ಬೇಗ ಏರುಪೇರಾಗುತ್ತದೆ. ಪಕ್ಕದಲ್ಲಿ ಯಾರೋ ಫ್ಲಶ್ ಒತ್ತಿದರೆ ತಣ್ಣೀರು ಅತ್ತ ಹೋಗಿ ಶವರ್‌ನಲ್ಲಿ ಸುಡುನೀರು ಬರಬಹುದು. ಹೀಗಾಗದಂತೆ ತಡೆಯುವ ಮಿಕ್ಸರ್‌ಗಳಿವೆ. ಆದರೆ ಅವೂ ಒಂದು ಕನಿಷ್ಠ ಹರಿವಿನ ಮೇಲೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಹಳೆಯ ಮಿಕ್ಸರ್ ಇಟ್ಟುಕೊಂಡು 6 ಲೀಟರಿನ ಶವರ್ ಹಾಕುವ ಯೋಚನೆ ಇದ್ದರೆ ಮೊದಲು ಮಿಕ್ಸರ್ ಬದಲಿಸಿ, ಅಥವಾ 8 ಲೀಟರಿಗೇ ತೃಪ್ತಿಪಡಿ.

ಇಡೀ ಮನೆಗೆ ಒಂದೇ ವಾಲ್ವ್

ಅಳೆದಾಗ 5 ಬಾರ್ ಮೇಲೆ ಬಂದರೆ, ನಲ್ಲಿ ಮುಚ್ಚುವಾಗ ಪೈಪ್ ಢಬ್ ಎಂದು ಸದ್ದು ಮಾಡುತ್ತಿದ್ದರೆ, ನಲ್ಲಿ ನಲ್ಲಿಗೂ ಏರೇಟರ್ ಹುಡುಕುವುದಕ್ಕಿಂತ ಮನೆಯೊಳಗೆ ಬರುವ ಮುಖ್ಯ ಪೈಪಿಗೆ ಪ್ರೆಷರ್ ಕಡಿಮೆ ಮಾಡುವ ವಾಲ್ವ್ ಹಾಕಿಸಿ. ಅದನ್ನು 2.5ರಿಂದ 3 ಬಾರ್‌ಗೆ ಇಟ್ಟರೆ ಎಲ್ಲ ನಲ್ಲಿಯ ಹರಿವೂ ಒಟ್ಟಿಗೆ ಇಳಿಯುತ್ತದೆ. ಗೀಸರ್, ಯಂತ್ರಗಳ ಪೈಪ್, ಫ್ಲಶ್ ಟ್ಯಾಂಕಿನ ವಾಷರ್ ಎಲ್ಲವೂ ಜಾಸ್ತಿ ದಿನ ಬಾಳುತ್ತವೆ. ಈ ಪಟ್ಟಿಯಲ್ಲಿ ಅತಿ ದುಬಾರಿ ಇದೇ. ಪ್ಲಂಬರ್ ಬೇಕು, ಸ್ವಂತ ಮನೆಯಾಗಿರಬೇಕು. ತುಂಬಿಸುವ ನಲ್ಲಿಗೂ ಅದೇ ಕಡಿವಾಣ ಬೀಳುತ್ತದೆ ಎನ್ನುವುದು ಇದರ ಕೊರತೆ. ತಾರಸಿ ಟ್ಯಾಂಕಿನಿಂದ ಪಂಪಿಲ್ಲದೆ ನೀರು ಇಳಿಯುವ ಮನೆಯವರು ಇದರ ಹೆಸರೂ ಎತ್ತಬೇಡಿ.

ಬಿಲ್ಲೆ ಕೀಳಲಾ?

ಈಗ ಉಲ್ಟಾ ಪ್ರಶ್ನೆಗೆ. ಶವರ್ ನೀರು ಸಾಲದು ಎನ್ನುವವರು ಮೊದಲು ಶವರ್ ಬಿಚ್ಚಿ ಕುತ್ತಿಗೆಯ ಜಾಲರಿ ನೋಡಿ. ಹೆಚ್ಚಿನ ಸಲ ತಪ್ಪು ಬಿಲ್ಲೆಯದಲ್ಲ, ಜಾಲರಿಯಲ್ಲಿ ಸಿಕ್ಕ ಕಸದ್ದು ಮತ್ತು ತೂತುಗಳಲ್ಲಿ ಕಟ್ಟಿದ ಬಿಳಿ ಸುಣ್ಣದ್ದು. ವಿನೆಗರ್‌ನಲ್ಲಿ ಒಂದೆರಡು ಗಂಟೆ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಮತ್ತೆ ಬಕೆಟ್ ಹಿಡಿದು ಅಳೆಯಿರಿ. ಗಡಸು ನೀರಿನವರು ಇದನ್ನು ಎರಡು ಮೂರು ತಿಂಗಳಿಗೊಮ್ಮೆ ಮಾಡಲೇಬೇಕು. ಏರೇಟರಿಗೂ ಅಷ್ಟೇ. ರಬ್ಬರಿನ ಮೊಲೆಗಳಂಥ ತೂತುಗಳಿರುವ ಶವರಾದರೆ ಬೆರಳಿನಿಂದ ಉಜ್ಜಿದರೆ ಸುಣ್ಣ ಉದುರುತ್ತದೆ. ಗಡಸು ನೀರಿನ ಊರಿಗೆ ಅದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ.

ತೊಳೆದ ಮೇಲೂ ನಿಮಿಷಕ್ಕೆ 5 ಲೀಟರ್ ಬರಲಿಲ್ಲ, ಒತ್ತಡವೂ ಅರ್ಧ ಬಾರ್‌ಗಿಂತ ಕಡಿಮೆ ಎಂದರೆ ಬಿಲ್ಲೆ ತೆಗೆಯುವುದರಲ್ಲಿ ಅರ್ಥ ಇದೆ. ನೀರು ಪೋಲಾಗುವ ಭಯವೂ ಇಲ್ಲ, ಅಲ್ಲಿ ಪೋಲಾಗುವಷ್ಟು ನೀರೇ ಬರುತ್ತಿಲ್ಲ. ನಿಮ್ಮ ಊರಿನ ಕಟ್ಟಡ ನಿಯಮ ಅದಕ್ಕೆ ಒಪ್ಪುತ್ತದಾ ನೋಡಿಕೊಳ್ಳಿ, ಕಂಪನಿಯ ವಾರಂಟಿ ಹೋಗಬಹುದು ಎನ್ನುವುದೂ ಗೊತ್ತಿರಲಿ. ಇನ್ನೂ ಒಳ್ಳೆಯದೆಂದರೆ ಕಡಿಮೆ ಒತ್ತಡಕ್ಕೆಂದೇ ಮಾಡಿದ ಶವರ್ ಕೊಳ್ಳುವುದು. ಡಬ್ಬದ ಮೇಲೆ ಕನಿಷ್ಠ ಎಷ್ಟು ಬಾರ್ ಬೇಕು ಎಂದು ಬರೆದಿರುತ್ತದೆ, 0.2 ಅಥವಾ 0.3 ಇರುವುದನ್ನು ಹುಡುಕಿ. ಒತ್ತಡ 2 ಬಾರ್ ಮೇಲಿದ್ದೂ ಬಿಲ್ಲೆ ಕೀಳುವವರಿಗೆ ಸಿಗುವುದು ಸದ್ದು, ಎರಚಲು, ಸ್ನಾನ ಮುಗಿಯುವ ಮೊದಲೇ ಖಾಲಿಯಾಗುವ ಗೀಸರ್.

ಕೈಯಲ್ಲಿರುವ ದುಡ್ಡಿಗೆ ತಕ್ಕಂತೆ

ಏನೂ ಖರ್ಚು ಮಾಡುವ ಹಾಗಿಲ್ಲ ಎಂದರೆ ಜಾಲರಿ ತೊಳೆಯಿರಿ, ಆಂಗಲ್ ಕಾಕ್ ತಿರುಗಿಸಿ, ಸೋರುವ ನಲ್ಲಿಯ ವಾಷರ್ ಬದಲಿಸಿ. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ 20 ಲೀಟರಿನಷ್ಟು ಹೋಗುತ್ತದೆ. ಅದನ್ನು ಬಿಟ್ಟು ಏರೇಟರ್ ಕೊಳ್ಳುವುದರಲ್ಲಿ ಹುರುಳಿಲ್ಲ. ಸ್ವಲ್ಪ ದುಡ್ಡು ಇದ್ದರೆ ಬೇಸಿನ್‌ಗಳಿಗೆ ರಬ್ಬರ್ ಉಂಗುರದ ಏರೇಟರ್, ಶವರ್ ಕುತ್ತಿಗೆಗೆ ರೆಗ್ಯುಲೇಟರ್. ಇನ್ನೂ ಸ್ವಲ್ಪ ಇದ್ದರೆ ಶವರ್ ಹೆಡ್ಡನ್ನೇ ಬದಲಿಸಿ, ಅಡುಗೆಮನೆಗೆ ಎರಡು ಬಗೆಯ ಏರೇಟರ್ ಹಾಕಿ. ಹೊಸ ಮನೆ ಕಟ್ಟಿಸುವವರು, ಬಚ್ಚಲು ಒಡೆದು ಮಾಡಿಸುವವರು ವಾಲ್ವ್, ಮಿಕ್ಸರ್ ಬಗ್ಗೆ ಯೋಚಿಸಿ. ಗೀಸರನ್ನು ಬಚ್ಚಲಿಗೆ ಹತ್ತಿರ ತರಲು ಆಗುವುದೂ ಆಗ ಮಾತ್ರ.

ಅಂಗಡಿಗೆ ಹೋಗುವಾಗ ಹಳೆಯ ಏರೇಟರ್ ಜೇಬಿನಲ್ಲಿರಲಿ. ನಲ್ಲಿಯ ಬಾಯಿಗೆ ಒಳಗಡೆ ಥ್ರೆಡ್ ಇದ್ದರೆ ಸಾಮಾನ್ಯವಾಗಿ 24 ಮಿ.ಮೀ. ಅಳತೆಯದು ಬೇಕು, ಹೊರಗಡೆ ಇದ್ದರೆ 22. ಏರೇಟರ್ ಕಾಣದಂತೆ ಬಾಯೊಳಗೇ ಅಡಗಿರುವ ನಲ್ಲಿಗಳೂ ಇವೆ. ಅವುಗಳ ಅಳತೆ ಬೇರೆ, ತೆಗೆಯಲು ಪ್ಲಾಸ್ಟಿಕ್ ಕೀಲಿಯೂ ಬೇಕು. ಶವರ್‌ಗೆ ಈ ತಲೆನೋವು ಕಡಿಮೆ, ಹೆಚ್ಚಿನವು ಅರ್ಧ ಇಂಚಿನ ಥ್ರೆಡ್ಡಿನವೇ. ವಾಷರ್ ಸರಿಯಾಗಿ ಕೂತರೆ ಕೈಯಲ್ಲಿ ಬಿಗಿ ಮಾಡಿದರೆ ಸಾಕು, ಸ್ಪ್ಯಾನರ್ ಹಾಕಿ ತಿರುಗಿಸಿದರೆ ಕವಚ ಸೀಳುತ್ತದೆ. ಹಾಕಿದ ಮೇಲೆ ಮತ್ತೊಮ್ಮೆ ಬಾಟಲಿ ಹಿಡಿದು ಸೆಕೆಂಡ್ ಎಣಿಸಿ. ತೆಗೆದ ಹಳೆಯ ಸಾಮಾನನ್ನು ಒಂದು ಕವರಿಗೆ ಹಾಕಿ, ಯಾವ ನಲ್ಲಿಯದು ಎಂದು ಬರೆದಿಡಿ. ಬಾಡಿಗೆ ಮನೆ ಖಾಲಿ ಮಾಡುವಾಗ ಹೊಸದನ್ನು ಬಿಚ್ಚಿಕೊಂಡು ಹಳೆಯದನ್ನು ತಿರುಗಿಸಿ ಹೋಗಬಹುದು.